ಕಾರಿನಲ್ಲಿ ಎಳೆಯ ಮಕ್ಕಳು: ತುಮಕೂರು ಜಿಲ್ಲೆಯ ತಂದೆ-ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆಯ ಮನೆಗಳಲ್ಲಿ ಕಾರು ಬಹುಮಟ್ಟಿಗೆ ಓಡುವುದು ಊರಿಗೂ ಬೆಂಗಳೂರಿಗೂ ನಡುವೆ. ಶಿರಾ ಕಡೆಯವರು 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಗುಬ್ಬಿ-ತಿಪಟೂರಿನವರು 73ರಲ್ಲಿ, ಕುಣಿಗಲ್-ಯಡಿಯೂರಿನವರು 75ರಲ್ಲಿ ಓಡಾಡುತ್ತಾರೆ. ಮಗು ಹುಟ್ಟಿದ ಮೇಲೆ ಈ ಓಡಾಟ ಕಡಿಮೆಯಾಗುವುದಿಲ್ಲ, ಬಾಣಂತನ, ನಾಮಕರಣ, ಮುಡಿ ಕೊಡುವುದು, ಹಬ್ಬ ಎಂದು ಹೆಚ್ಚುತ್ತದೆ. ಕೆಳಗಿನವು ಅಂಥ ಮನೆಗಳಲ್ಲಿ ನಾನು ಕೇಳಿಸಿಕೊಂಡ ಮತ್ತು ನಾನೇ ಕೇಳಿದ್ದ ಪ್ರಶ್ನೆಗಳು.

ಮಗುವನ್ನು ತಾಯಿಯೋ ಅಜ್ಜಿಯೋ ಮಡಿಲಲ್ಲಿ ಭದ್ರವಾಗಿ ಹಿಡಿದುಕೊಂಡರೆ ಸಾಲದೇ?

ಸಾಲದು. ಉಳಿದ ಪ್ರಶ್ನೆಗಳೆಲ್ಲ ಇದೊಂದರಿಂದಲೇ ಹುಟ್ಟುವುದರಿಂದ ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡುವುದು ಒಳ್ಳೆಯದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ನಿಂತ ಲಾರಿಗೆ ಗುದ್ದಿದರೆ ಅದು ನಿಲ್ಲಲು ತೆಗೆದುಕೊಳ್ಳುವ ಸಮಯ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು. ಕಾರು ನಿಲ್ಲುತ್ತದೆ, ಆದರೆ ಒಳಗಿರುವ ಮಗು ಅದೇ 50 ಕಿ.ಮೀ. ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆ ಕ್ಷಣದಲ್ಲಿ 10 ಕೆ.ಜಿ. ತೂಕದ ಮಗುವನ್ನು ತಡೆದು ಹಿಡಿಯಲು ಬೇಕಾಗುವ ಬಲ ಸುಮಾರು 280 ಕೆ.ಜಿ. ಭಾರವನ್ನು ಎತ್ತಿ ಹಿಡಿಯುವ ಬಲಕ್ಕೆ ಸಮ, ಅಂದರೆ ಐದೂವರೆ ಮೂಟೆ ಸಿಮೆಂಟನ್ನು ಎರಡು ಕೈಗಳಲ್ಲಿ ತಡೆದಂತೆ. ಎಂಥ ಗಟ್ಟಿಮುಟ್ಟಾದ ಅಪ್ಪನ ಕೈಯೂ ಅದನ್ನು ಮಾಡಲಾರದು. ಅದು ಪ್ರೀತಿಯ ಕೊರತೆಯಲ್ಲ, ತೋಳಿನ ಮಿತಿ. ಇದೇ ವೇಗದ ಪೆಟ್ಟನ್ನು ಎತ್ತರಕ್ಕೆ ತಿರುಗಿಸಿ ಹೇಳುವುದಾದರೆ ಅದು ಸುಮಾರು 10 ಮೀಟರು, ಮೂರು ಅಂತಸ್ತಿನ ಮಹಡಿಯಿಂದ ಬಿದ್ದಷ್ಟು.

ಎತ್ತಿಕೊಂಡವರು ತಾವೇ ಬೆಲ್ಟ್ ಹಾಕಿರದಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು: ಅವರ 60 ಕೆ.ಜಿ. ಮೈಭಾರವೆಲ್ಲ ಮಗುವನ್ನು ಮುಂದಿನ ಸೀಟಿಗೆ ಅಪ್ಪಳಿಸುತ್ತದೆ. ಒಂದೇ ಬೆಲ್ಟನ್ನು ತಾಯಿ-ಮಗು ಇಬ್ಬರಿಗೂ ಸುತ್ತುವ ರೂಢಿಯೂ ಅಷ್ಟೇ ಅಪಾಯಕಾರಿ, ಏಕೆಂದರೆ ಬೆಲ್ಟಿಗೂ ತಾಯಿಯ ಮೈಗೂ ನಡುವೆ ಸಿಕ್ಕಿಕೊಳ್ಳುವುದು ಮಗುವೇ. ಮಗುವನ್ನು ಹಿಡಿಯಬೇಕಾದದ್ದು ಕಾರಿಗೇ ಬಿಗಿದ ಸೀಟು. ಮಡಿಲು ಮನೆಯ ಜಗಲಿಗೆ ಸರಿ.

ಮಕ್ಕಳ ಸೀಟು ಕಾನೂನಿನಲ್ಲಿ ಕಡ್ಡಾಯವೇ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಲ್ಲಿ 194ಬಿ ಎಂಬ ಕಲಮು ಸೇರಿದೆ. 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್‌ನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ವಾಹನ ಓಡಿಸುವವರಿಗೆ ಅಥವಾ ಓಡಿಸಲು ಬಿಡುವವರಿಗೆ ಈ ಕಲಮು 1,000 ರೂಪಾಯಿ ದಂಡ ಹೇಳುತ್ತದೆ. ದೊಡ್ಡವರು ಹಿಂದಿನ ಸೀಟಿನಲ್ಲಿ ಕೂತಾಗಲೂ ಬೆಲ್ಟ್ ಹಾಕಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹಿಂದಿನಿಂದಲೂ ಇದೆ. ದಂಡಕ್ಕೆ ಹೆದರಿ ಸೀಟು ಕೊಂಡವರನ್ನು ನಾನಂತೂ ಕಂಡಿಲ್ಲ.

ಯಾವ ವಯಸ್ಸಿನ ಮಗುವಿಗೆ ಯಾವ ಸೀಟು?

ವಯಸ್ಸಿಗಿಂತ ತೂಕ ಮತ್ತು ಎತ್ತರವನ್ನು ನೋಡಿ ತೀರ್ಮಾನಿಸಬೇಕು. ಸೀಟಿನ ಬೆನ್ನಿಗೆ ಅಂಟಿಸಿರುವ ಕಿತ್ತಳೆ ಬಣ್ಣದ ಚೀಟಿಯಲ್ಲಿ ಅದು ಎಷ್ಟು ಕೆ.ಜಿ. ಅಥವಾ ಎಷ್ಟು ಸೆಂ.ಮೀ. ಮಗುವಿಗೆ ಎಂದು ಬರೆದಿರುತ್ತದೆ. ಚೀಟಿಯೇ ಇಲ್ಲದ, ಬರೀ ಮೆತ್ತೆಗೆ ಪಟ್ಟಿ ಹೊಲಿದಂತಿರುವ ಅಗ್ಗದ ಸೀಟುಗಳು ಆನ್‌ಲೈನ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಅವು ಮಗು ಜಾರದಂತೆ ನೋಡಿಕೊಳ್ಳಬಹುದೇ ಹೊರತು ಅಪಘಾತದಲ್ಲಿ ಕಾಪಾಡಲಾರವು. ಭಾರತದ ಎಐಎಸ್-072, ಯುರೋಪಿನ ಆರ್-44 ಅಥವಾ ಆರ್-129 ಎಂಬ ಸುರಕ್ಷತಾ ಮಾನದಂಡಗಳ ಗುರುತುಗಳಲ್ಲಿ ಒಂದಾದರೂ ಇರಬೇಕು.

ಹುಟ್ಟಿದಂದಿನಿಂದ ಮಗು ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರುವ ಸೀಟು ಬೇಕು. ಹಳೆಯ ಆರ್-44 ವರ್ಗೀಕರಣದಲ್ಲಿ ಇದು 13 ಕೆ.ಜಿ.ವರೆಗೆ, ಹೊಸ ಆರ್-129 ಪ್ರಕಾರ 15 ತಿಂಗಳು ತುಂಬುವ ಮೊದಲು ಮಗುವನ್ನು ಮುಂದಕ್ಕೆ ಮುಖ ಮಾಡಿ ಕೂರಿಸಲೇಬಾರದು. ಸೀಟು ಒಪ್ಪುವಷ್ಟು ಕಾಲ, ಎರಡು ವರ್ಷ ದಾಟಿದರೂ, ಹಿಂದಕ್ಕೇ ಮುಖ ಮಾಡಿಸುವುದು ಒಳ್ಳೆಯದು. ಆಮೇಲೆ ಮುಂದಕ್ಕೆ ಮುಖ ಮಾಡಿದ, ಐದು ಪಟ್ಟಿಗಳ ಸೀಟು, ಸಾಮಾನ್ಯವಾಗಿ 18 ಕೆ.ಜಿ.ವರೆಗೆ. ಅದೂ ಚಿಕ್ಕದಾದಾಗ ಬೆನ್ನಿರುವ ಬೂಸ್ಟರ್ ಸೀಟು. ಬೂಸ್ಟರ್ ಮಗುವನ್ನು ಎತ್ತರಿಸುವುದು ಒಂದೇ ಕಾರಣಕ್ಕೆ: ಕಾರಿನ ಬೆಲ್ಟ್ ಹೊಟ್ಟೆಯ ಮೇಲೆ ಬರದೆ ಸೊಂಟದ ಮೂಳೆಯ ಮೇಲೂ, ಕತ್ತಿಗೆ ಉಜ್ಜದೆ ಹೆಗಲಿನ ನಡುವೆಯೂ ಹಾದುಹೋಗಲಿ ಎಂದು. ಮೆತ್ತಗಿನ ಹೊಟ್ಟೆಯ ಮೇಲೆ ಬಿಗಿದ ಬೆಲ್ಟ್ ಕರುಳು ಮತ್ತು ಬೆನ್ನುಮೂಳೆಗೆ ಪೆಟ್ಟು ಕೊಡಬಲ್ಲದು.

ಸುಮಾರು 150 ಸೆಂ.ಮೀ. ಎತ್ತರವಾಗುವವರೆಗೆ, ಅಂದರೆ ಹೆಚ್ಚಿನ ಮಕ್ಕಳಿಗೆ ಹತ್ತರಿಂದ ಹನ್ನೆರಡು ವರ್ಷದವರೆಗೆ, ಬೂಸ್ಟರ್ ಬೇಕಾಗುತ್ತದೆ. ‘ನಾಲ್ಕನೇ ಕ್ಲಾಸಿಗೆ ಬಂದವನಿಗೆ ಇನ್ನೂ ಪಾಪು ಸೀಟೇ?’ ಎಂದು ನೆಂಟರು ನಗುವುದುಂಟು. ನಗಲಿ ಬಿಡಿ. ಬೆನ್ನು ಸೀಟಿಗೆ ಪೂರ್ತಿ ಒರಗಿದಾಗ ಮಂಡಿಗಳು ಸೀಟಿನ ಅಂಚಿನಲ್ಲಿ ಸಹಜವಾಗಿ ಮಡಚಿ, ಪಾದ ನೆಲ ಮುಟ್ಟಿ, ಪ್ರಯಾಣದುದ್ದಕ್ಕೂ ಹಾಗೆಯೇ ಕೂರಬಲ್ಲನಾದರೆ ಬೂಸ್ಟರ್ ಬಿಡಿಸಬಹುದು.

ಈ ಖರ್ಚಿಗೆ ತಕ್ಕ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜು ಸಾಕು: ಕಾರಿನಲ್ಲಿ ಮಕ್ಕಳ ಸೀಟಿನ ಬಳಕೆ ಒಂದು ವರ್ಷದೊಳಗಿನ ಶಿಶುಗಳ ಸಾವನ್ನು ಶೇ. 71ರಷ್ಟು, ಒಂದರಿಂದ ನಾಲ್ಕು ವರ್ಷದವರ ಸಾವನ್ನು ಶೇ. 54ರಷ್ಟು ತಗ್ಗಿಸುತ್ತದೆ.

ಹಿಂದಕ್ಕೆ ಮುಖ ಮಾಡಿ ಕೂರಿಸಿದರೆ ಮಗುವಿಗೆ ಹಿಂಸೆಯಲ್ಲವೇ? ಕಾಲು ಮಡಚಿಕೊಂಡು ಕೂರಬೇಕಲ್ಲ?

ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂರುವುದರಲ್ಲಿ ನಮಗಿಂತ ಪ್ರವೀಣರು. ಮಡಚಿದ ಕಾಲು ಅವರಿಗೆ ಹಿಂಸೆಯಲ್ಲ. ಶಿಶುವಿನ ತಲೆ ಅದರ ಮೈ ಉದ್ದದ ಕಾಲುಭಾಗದಷ್ಟಿರುತ್ತದೆ, ಅದನ್ನು ಹೊರುವ ಕತ್ತಿನ ಮೂಳೆಗಳು ಇನ್ನೂ ಎಳೆಯವು. ಮುಂದಕ್ಕೆ ಮುಖ ಮಾಡಿರುವಾಗ ಎದುರಿನಿಂದ ಡಿಕ್ಕಿಯಾದರೆ ಮೈ ಪಟ್ಟಿಯಲ್ಲಿ ನಿಲ್ಲುತ್ತದೆ, ಭಾರವಾದ ತಲೆ ಮಾತ್ರ ಮುಂದಕ್ಕೆ ಎಗರುತ್ತದೆ. ಹಿಂದಕ್ಕೆ ಮುಖವಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಬೆನ್ನು ಒಟ್ಟಿಗೇ ತಾಳಿಕೊಳ್ಳುತ್ತದೆ.

ನಮ್ಮ ಕಾರು ಹಳೆಯದು, ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ನೇರವಾಗಿ ಕಾರಿಗೇ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇಲ್ಲ. ಏನು ಮಾಡಬೇಕು?

ಹಿಂದಿನ ಸೀಟಿನಲ್ಲಿ ಹೆಗಲು ಮತ್ತು ಸೊಂಟ ಎರಡನ್ನೂ ಹಿಡಿಯುವ ಬೆಲ್ಟ್ ಇದ್ದರೆ, ಬೆಲ್ಟ್‌ನಿಂದ ಕಟ್ಟುವ ಮಕ್ಕಳ ಸೀಟನ್ನು ಕೊಳ್ಳಬಹುದು. ಸರಿಯಾಗಿ ಕಟ್ಟಿದರೆ ಅದು ಐಸೋಫಿಕ್ಸ್‌ಗೆ ಕಡಿಮೆಯೇನಲ್ಲ. ಕಷ್ಟವಿರುವುದು ‘ಸರಿಯಾಗಿ’ ಎಂಬುದರಲ್ಲಿ. ನಾನು ನಮ್ಮ ಮನೆಯ ಸೀಟನ್ನು ಐದು ತಿಂಗಳು ತಪ್ಪಾಗಿ ಕಟ್ಟಿ ಓಡಿಸಿದವನು. ಬೆಲ್ಟನ್ನು ಹಾಯಿಸಬೇಕಾದ ದಾರಿಯನ್ನು ಸೀಟಿನ ಮೇಲೆಯೇ ಬಣ್ಣದಲ್ಲಿ ಗುರುತು ಮಾಡಿದ್ದರೂ ಕಣ್ಣಿಗೆ ಬಿದ್ದಿರಲಿಲ್ಲ. ಹಿಂದಕ್ಕೆ ಮುಖ ಮಾಡಿದ ಸೀಟಿಗೆ ನೀಲಿ, ಮುಂದಕ್ಕೆ ಮುಖ ಮಾಡಿದ್ದಕ್ಕೆ ಕೆಂಪು ಗುರುತು ಇರುವುದು ವಾಡಿಕೆ. ಬೆಲ್ಟ್ ಹಾಯಿಸುವಾಗ ಸೀಟಿನ ಮೇಲೆ ನಿಮ್ಮ ಮಂಡಿಯೂರಿ ಭಾರ ಹಾಕಿ, ಬೆಲ್ಟನ್ನು ಎಳೆದು ಬಿಗಿಯಿರಿ. ಬಿಗಿದ ಮೇಲೆ ಬೆಲ್ಟ್ ಹಾದಿರುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿದಾಗ ಸೀಟು ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು.

ಮಗುವಿನ ಮೈಮೇಲಿನ ಪಟ್ಟಿಗೂ ಒಂದು ಪರೀಕ್ಷೆಯಿದೆ. ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ನೋಡಿ; ಮಡಿಕೆ ಸಿಕ್ಕಿದರೆ ಅದು ಸಡಿಲ. ಮಾಗಿಯ ಬೆಳಗ್ಗೆ ದಪ್ಪ ಸ್ವೆಟರ್ ತೊಡಿಸಿ ಪಟ್ಟಿ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ಆದರೆ ಪೆಟ್ಟು ಬಿದ್ದಾಗ ಉಣ್ಣೆ ಅಮುಕಿ ಒಳಗೆ ಜಾಗವಾಗಿ ಮಗು ಜಾರುತ್ತದೆ. ತೆಳು ಬಟ್ಟೆಯಲ್ಲಿ ಪಟ್ಟಿ ಹಾಕಿ, ಅದರ ಮೇಲೆ ರಗ್ಗು ಹೊದಿಸುವುದು ಸರಿಯಾದ ಕ್ರಮ.

ಹೊಸ ಕಾರು ಕೊಳ್ಳುವವರು ಅಕ್ಟೋಬರ್ 2023ರಿಂದ ಜಾರಿಯಲ್ಲಿರುವ, ಕಾರನ್ನು ಗುದ್ದಿಸಿ ಅದರ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ಫಲಿತಾಂಶವನ್ನು ನೋಡಬಹುದು. ದೊಡ್ಡವರ ರಕ್ಷಣೆಗೆ 32 ಅಂಕಕ್ಕೂ ಮಕ್ಕಳ ರಕ್ಷಣೆಗೆ 49 ಅಂಕಕ್ಕೂ ಬೇರೆ ಬೇರೆ ನಕ್ಷತ್ರಗಳನ್ನು ಅದು ಕೊಡುತ್ತದೆ. ಷೋರೂಮಿನವರು ಹೇಳುವುದು ಹೆಚ್ಚಾಗಿ ಮೊದಲಿನದನ್ನು. ಎರಡನೆಯದನ್ನು ನಾವೇ ಕೇಳಬೇಕು.

ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಬಹುದೇ?

ಹನ್ನೆರಡು-ಹದಿಮೂರು ವರ್ಷದವರೆಗೆ ಹಿಂದಿನ ಸೀಟೇ ಸುರಕ್ಷಿತ. ಹಿಂದಕ್ಕೆ ಮುಖ ಮಾಡಿದ ಸೀಟನ್ನಂತೂ ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದೆಂದಿಗೂ ಇಡಬಾರದು. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ, ಸೆಕೆಂಡಿನ ಮೂವತ್ತನೇ ಒಂದು ಭಾಗದಷ್ಟರಲ್ಲಿ, ಉಬ್ಬಿ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದಕ್ಕೇ ಬಡಿಯುತ್ತದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಸುವ ತಂದೆಯರು ನಮ್ಮ ಬಡಾವಣೆಗಳಲ್ಲಿ ದಿನಾ ಕಾಣುತ್ತಾರೆ. ಆ ಸ್ಟೀರಿಂಗ್ ಒಳಗೆ ಮಡಚಿಟ್ಟಿರುವುದೂ ಅದೇ ಏರ್‌ಬ್ಯಾಗ್. ಮನೆಯ ಮುಂದಿನ ಬೀದಿ, ಹತ್ತೇ ಮೀಟರು ಎಂಬ ಸಮಾಧಾನ ಇಲ್ಲಿ ನಡೆಯದು.

ಆಸ್ಪತ್ರೆಯಿಂದ ಬಾಣಂತಿ ಮತ್ತು ಹಸುಗೂಸನ್ನು ತವರಿಗೆ ಕರೆದುಕೊಂಡು ಹೋಗುವುದು ಹೇಗೆ?

ಹೆರಿಗೆಗೆ ಮುಂಚೆಯೇ ಸೀಟು ತಂದು, ಕಾರಿಗೆ ಕಟ್ಟಿ, ಬಿಚ್ಚಿ ಅಭ್ಯಾಸ ಮಾಡಿಟ್ಟುಕೊಳ್ಳಿ. ಮಗು ಹುಟ್ಟುವ ಮೊದಲೇ ಅದಕ್ಕೆ ಸಾಮಾನು ತರಬಾರದು ಎಂಬ ನಂಬಿಕೆಯ ಮನೆಗಳಲ್ಲಿ ‘ಇದು ಮಗುವಿನ ಸಾಮಾನಲ್ಲ, ಕಾರಿನ ಸಾಮಾನು’ ಎಂದು ಹೇಳಿ ಒಪ್ಪಿಸಿದವರಿದ್ದಾರೆ. ಮಾತು ಸುಳ್ಳೂ ಅಲ್ಲ.

ಹಸುಗೂಸು ಅರೆ ಒರಗಿದ ಸ್ಥಿತಿಯಲ್ಲಿ, ಸುಮಾರು 45 ಡಿಗ್ರಿ ಓರೆಯಲ್ಲಿರಬೇಕು. ನೆಟ್ಟಗೆ ಕೂರಿಸಿದರೆ ಗದ್ದ ಎದೆಗೆ ಕುಸಿದು ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಮೊದಲ ಕೆಲವು ವಾರ ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು ಸೀಟಿನಲ್ಲಿ ಬಿಡದಿರುವುದು ಮೇಲು. ತುಮಕೂರಿನಿಂದ ಗುಬ್ಬಿಗೆ ಇದು ಸಾಕಾಗುತ್ತದೆ. ಶಿರಾ, ತಿಪಟೂರು, ಪಾವಗಡದ ಕಡೆ ಹೋಗುವವರು ನಡುವೆ ಕಾರು ನಿಲ್ಲಿಸಿ ಮಗುವನ್ನು ಹೊರತೆಗೆದು ಮಲಗಿಸಿ ಹೋಗಬೇಕು. ಮಗು ದೊಡ್ಡದಾದ ಮೇಲೂ ಎರಡು ಗಂಟೆಗೊಮ್ಮೆ ಬಿಡುವು ಬೇಕು. ಒಬ್ಬರು ಪಕ್ಕದಲ್ಲೇ ಕೂತು ಮುಖ ನೋಡುತ್ತಿರಲಿ. ಕುಲಾವಿಯೋ ಹೊದಿಕೆಯೋ ಮೂಗಿನ ಮೇಲೆ ಜಾರದಂತೆ ನೋಡಿಕೊಳ್ಳಲಿ. ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಮಗುವಾದರೆ ಬಿಡುಗಡೆಗೆ ಮುಂಚೆ ಮಕ್ಕಳ ವೈದ್ಯರನ್ನು ಕೇಳಿ. ಹಾಲು ಕುಡಿಸಬೇಕಾದಾಗ ಕಾರು ನಿಂತಿರಬೇಕು. ‘ಇನ್ನೇನು ಊರು ಬಂತು’ ಎಂದು ಓಡುತ್ತಿರುವ ಕಾರಿನಲ್ಲಿ ಪಟ್ಟಿ ಬಿಚ್ಚಿ ಎದೆಗೆ ಹಾಕಿಕೊಳ್ಳುವ ಹೊತ್ತು ಬಹಳ ಅಪಾಯದ್ದು.

ಸೀಟಿನಲ್ಲಿ ಕೂರಿಸಿದರೆ ಮಗು ಅಳುತ್ತದೆ, ಅಜ್ಜಿ ಬೈಯುತ್ತಾರೆ. ಏನು ಹೇಳುವುದು?

‘ನಿಮ್ಮನ್ನೆಲ್ಲ ನಾವು ಮಡಿಲಲ್ಲೇ ಸಾಕಲಿಲ್ಲವೇ’ ಎಂಬ ಮಾತಿಗೆ ಎದುರು ವಾದ ಹೂಡುವುದರಿಂದ ಪ್ರಯೋಜನವಿಲ್ಲ. ಅವರ ಕಾಲದ ಪ್ರಯಾಣ ಎತ್ತಿನ ಗಾಡಿಯಲ್ಲಿ, ನಿಂತು ನಿಂತು ಹೋಗುವ ಬಸ್ಸಿನಲ್ಲಿ ನಡೆದದ್ದು. ಗಂಟೆಗೆ 80 ಕಿ.ಮೀ. ವೇಗದ ಕಾರಿನಲ್ಲಲ್ಲ. ನಾನು ಕಂಡಂತೆ ಫಲಿಸುವ ಉಪಾಯ ಬೇರೆ: ಪಟ್ಟಿ ಹಾಕುವ, ಬಕಲ್ ಬಿಚ್ಚುವ ಕೆಲಸವನ್ನು ಅಜ್ಜಿಗೇ ಕಲಿಸಿ, ಅದರ ಉಸ್ತುವಾರಿಯನ್ನು ಅವರಿಗೇ ವಹಿಸುವುದು. ಜವಾಬ್ದಾರಿ ಕೈಗೆ ಬಂದ ಮೇಲೆ ಅವರು ನಮಗಿಂತ ಕಟ್ಟುನಿಟ್ಟು. ಪಕ್ಕದಲ್ಲೇ ಕೂತು ಕೈ ಹಿಡಿದುಕೊಳ್ಳಲಿ, ಕಥೆ ಹೇಳಲಿ.

ಅಳು ಸಾಮಾನ್ಯವಾಗಿ ಮೊದಲ ಕೆಲವು ಪ್ರಯಾಣಗಳದ್ದು. ಒಂದು ಸಲ ‘ಪಾಪ’ ಎಂದು ಎತ್ತಿಕೊಂಡರೆ ಅತ್ತರೆ ಎತ್ತಿಕೊಳ್ಳುತ್ತಾರೆ ಎಂದು ಮಗು ಕಲಿತುಬಿಡುತ್ತದೆ, ಆಮೇಲಿನ ಹತ್ತು ಪ್ರಯಾಣ ಕಷ್ಟವಾಗುತ್ತದೆ. ಅಳು ನಿಲ್ಲದಿದ್ದರೆ ಡಾಬಾ ಅಥವಾ ಪೆಟ್ರೋಲ್ ಬಂಕ್‌ ಆವರಣಕ್ಕೆ ಕಾರು ತಿರುಗಿಸಿ ನಿಲ್ಲಿಸಿ. ಬೆಂಗಳೂರಿನಿಂದ ಬರುವವರಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೇಗೂ ಒಂದು ನೆಪ. ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ, ಹಿಂದಿನಿಂದ ಬರುವ ಲಾರಿಗೆ ನಿಂತ ಕಾರು ಓಡುತ್ತಿರುವಂತೆಯೇ ಕಾಣುತ್ತದೆ. ಓಡಿಸುವವರು ಹಿಂದೆ ತಿರುಗಿ ಮಗುವನ್ನು ನೋಡುವುದೂ ಬೇಡ: 80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ತಿರುಗಿದರೆ ಕಾರು 44 ಮೀಟರು ಕಣ್ಣು ಮುಚ್ಚಿಕೊಂಡು ಓಡಿದಂತೆ.

ಡಿಸೆಂಬರ್-ಜನವರಿಯಲ್ಲಿ ರಸ್ತೆಯ ಮೇಲೆ ರಾಗಿ, ಹುರುಳಿ ಒಕ್ಕಣೆ ಇರುತ್ತದೆ. ಅದರ ಮೇಲೆ ಕಾರು ಹಾಯಿಸಬಹುದೇ?

ಕಣ ಮಾಡುವ ರೂಢಿ ಕಡಿಮೆಯಾದಂತೆ ಡಾಂಬರು ರಸ್ತೆಯೇ ಕಣವಾಗಿದೆ. ರೈತರಿಗೆ ಅದರಿಂದ ಆಗುವ ಅನುಕೂಲ ನನಗೆ ಅರ್ಥವಾಗುತ್ತದೆ, ಆದರೆ ಮಕ್ಕಳಿರುವ ಕಾರಿಗೆ ಇದು ಜಿಲ್ಲೆಯ ಒಳರಸ್ತೆಗಳ ದೊಡ್ಡ ಅಪಾಯಗಳಲ್ಲಿ ಒಂದು. ರಾಗಿ ಹುಲ್ಲಿನ ಮೇಲೆ ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ, ಬೈಕಿನವರು ಹುಲ್ಲು ತಪ್ಪಿಸಲು ಎದುರಿಗೆ ನುಗ್ಗುತ್ತಾರೆ. ಹುರುಳಿ ಇನ್ನೂ ಕೆಟ್ಟದ್ದು: ಅದರ ಬಳ್ಳಿ ಚಕ್ರದ ಅಚ್ಚಿಗೆ ಹಗ್ಗದಂತೆ ಸುತ್ತಿಕೊಂಡು, ಸೈಲೆನ್ಸರ್‌ನ ಬಿಸಿ ಕೊಳವೆಗೆ ತಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟುಹೋದ ಸುದ್ದಿ ನಮ್ಮ ರಾಜ್ಯದಲ್ಲಿ ಹಲವು ಸಲ ಬಂದಿದೆ.

ಬೇರೆ ದಾರಿಯಿದ್ದರೆ ಸುತ್ತಾದರೂ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಕಾರು ನಿಲ್ಲಿಸಿ, ಒಂದು ಬದಿಯ ಹುರುಳಿಯನ್ನು ಸರಿಸಿಕೊಡುವಂತೆ ಕೇಳಿ. ಕೇಳಿದರೆ ಸಾಮಾನ್ಯವಾಗಿ ಸರಿಸುತ್ತಾರೆ. ಹಾದುಹೋಗಲೇಬೇಕಾಗಿ ಬಂದರೆ, ದಾಟಿದ ತಕ್ಷಣ ನಿಲ್ಲಿಸಿ ಕಾರಿನ ಅಡಿ ಬಗ್ಗಿ ನೋಡಿ, ಎಂಜಿನ್ ಆರಿಸಿ ಸಿಕ್ಕಿದ್ದನ್ನು ಕಿತ್ತುಹಾಕಿ. ಸುಟ್ಟ ವಾಸನೆಯೋ ಹೊಗೆಯೋ ಬಂದರೆ ಮೊದಲು ಮಗು ಹೊರಗೆ, ಆಮೇಲೆ ಬೇರೆಲ್ಲ. ಇದಕ್ಕಾಗಿಯೇ ಮಕ್ಕಳ ಸೀಟಿನ ಕೆಂಪು ಗುಂಡಿಯನ್ನು ಒತ್ತಿ ಬಿಚ್ಚುವುದು ಮನೆಯ ದೊಡ್ಡವರೆಲ್ಲರಿಗೂ ಕತ್ತಲಲ್ಲೂ ಬರಬೇಕು. ಮಕ್ಕಳ ಬೆರಳಿಗೆ ಸಿಗದಿರಲೆಂದು ಆ ಗುಂಡಿಯನ್ನು ಬೇಕೆಂದೇ ಗಟ್ಟಿಯಾಗಿ ಮಾಡಿರುತ್ತಾರೆ. ಅಭ್ಯಾಸವಿಲ್ಲದವರಿಗೆ ಗಾಬರಿಯಲ್ಲಿ ಒತ್ತಲಾಗುವುದಿಲ್ಲ.

ಊರಿನಿಂದ ತರುವ ಸಾಮಾನನ್ನು ಹಿಂದಿನ ಸೀಟಿನಲ್ಲಿ ಇಡಬಹುದೇ?

ತಿಪಟೂರಿನಿಂದ ಬರುವ ಕಾರಿನಲ್ಲಿ ತೆಂಗಿನಕಾಯಿ ಇಲ್ಲದಿರುವುದು ಅಪರೂಪ. ಕಾಯಿ ಸೀಟಿನ ಮೇಲೆ, ಮಗುವಿನ ಪಕ್ಕದಲ್ಲಿ ಅಥವಾ ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಇದ್ದರೆ, 60 ಕಿ.ಮೀ. ವೇಗದ ಕಾರು ಗುದ್ದಿ ನಿಂತಾಗ ಅದು 60 ಕಿ.ಮೀ. ವೇಗದಲ್ಲೇ ಮುಂದಕ್ಕೆ ಹಾರುತ್ತದೆ. ನೀರಿನ ಸ್ಟೀಲ್ ಬಾಟಲಿ, ಟಿಫಿನ್ ಕ್ಯಾರಿಯರ್, ಟ್ಯಾಬ್ಲೆಟ್ ಎಲ್ಲಕ್ಕೂ ಇದೇ ಮಾತು. ಭಾರದ್ದೆಲ್ಲ ಡಿಕ್ಕಿಗೆ, ಅದರಲ್ಲೂ ತಳಕ್ಕೆ. ಡಿಕ್ಕಿಯಾದಾಗ ಡಿಕ್ಕಿಯಲ್ಲಿರುವುದು ಡಿಕ್ಕಿಯಲ್ಲೇ ಉಳಿಯಬೇಕು. ನಮ್ಮ ಭಾಷೆ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿರುವುದು ನೆನಪಿಗೆ ಅನುಕೂಲ.

ದೇವರಾಯನದುರ್ಗದಂಥ ತಿರುವು ರಸ್ತೆಗಳಲ್ಲಿ ಮಗು ವಾಂತಿ ಮಾಡಿಕೊಳ್ಳುತ್ತದೆ.

ಹತ್ತುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ಮೊಬೈಲ್ ಕೊಡಬೇಡಿ, ಕಿಟಕಿ ಸ್ವಲ್ಪ ಇಳಿಸಿ ನಿಧಾನವಾಗಿ ತಿರುಗಿಸಿ. ಗುಡ್ಡದ ಮೇಲೆ ಕೋತಿಗಳು ಇರುವುದರಿಂದ ಮಗುವಿನ ಕೈಯಲ್ಲಿ ತಿಂಡಿ ಇರುವಾಗ ಗಾಜು ಇಳಿಸಬೇಡಿ. ಔಷಧಿಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

ಸನ್‌ರೂಫ್‌ನಿಂದ ಮಕ್ಕಳು ತಲೆ ಹೊರಹಾಕಿ ನಿಲ್ಲುವುದು ತಪ್ಪೇ?

ತಪ್ಪು. ಹಂಪ್ ಒಂದು ಸಾಕು. ಹಿಂದಿನ ಬಾಗಿಲಿನ ಚೈಲ್ಡ್ ಲಾಕ್ ಮತ್ತು ಕಿಟಕಿಯ ಲಾಕ್ ಗುಂಡಿಯನ್ನೂ ಬಳಸಿ.

ಮಗು ನಿದ್ದೆ ಮಾಡುತ್ತಿದೆ, ಐದು ನಿಮಿಷ ಅಂಗಡಿಗೆ ಹೋಗಿ ಬರಬಹುದೇ?

ಬಾರದು. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಂತ ಕಾರಿನ ಒಳಗಿನ ತಾಪ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹೊರಗೆ 35 ಇದ್ದರೆ ಒಳಗೆ 45. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಏಸಿ ಹಾಕಿ ಎಂಜಿನ್ ಚಾಲೂ ಇಟ್ಟು ಹೋಗುವುದು ಇನ್ನೊಂದು ಬಗೆಯ ಅಪಾಯ. ಮರೆತು ಬಿಟ್ಟುಹೋಗುವ ಸಾಧ್ಯತೆ ತಮಗಿಲ್ಲ ಎಂದು ಎಲ್ಲರೂ ಭಾವಿಸುತ್ತಾರೆ. ದಿನಚರಿ ಬದಲಾದ ದಿನವೇ ಅದು ಆಗುವುದು. ಪರ್ಸನ್ನೋ ಮೊಬೈಲನ್ನೋ ಮಗುವಿನ ಸೀಟಿನ ಬಳಿ ಇಡುವ ಅಭ್ಯಾಸ ಮಾಡಿಕೊಂಡರೆ ಇಳಿಯುವಾಗ ಹಿಂದಿನ ಬಾಗಿಲು ತೆರೆದೇ ತೆರೆಯುತ್ತೀರಿ. ಮನೆಯ ಮುಂದೆ ನಿಲ್ಲಿಸಿದ ಕಾರಿಗೂ ಬೀಗ ಹಾಕಿ, ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತ ಒಳಸೇರಿ ಸಿಕ್ಕಿಕೊಳ್ಳಬಹುದು.

ನೆಂಟರ ಮನೆಯ ಹಳೆಯ ಸೀಟನ್ನು ಬಳಸಬಹುದೇ?

ಅದರ ಚರಿತ್ರೆ ಪೂರ್ತಿ ಗೊತ್ತಿದ್ದರೆ ಮಾತ್ರ. ಒಮ್ಮೆ ಅಪಘಾತ ಕಂಡ ಸೀಟಿನ ಪ್ಲಾಸ್ಟಿಕ್‌ನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ತಯಾರಾದ ದಿನಾಂಕ ಅಡಿಯಲ್ಲಿ ಅಚ್ಚಾಗಿರುತ್ತದೆ. ಬಳಕೆಯ ಅವಧಿ ತಯಾರಕರಿಗೆ ತಕ್ಕಂತೆ ಆರರಿಂದ ಹತ್ತು ವರ್ಷ.

ಅಪಘಾತವಾದರೆ ಮಗುವನ್ನು ತಕ್ಷಣ ಸೀಟಿನಿಂದ ತೆಗೆಯಬೇಕೇ?

ಬೆಂಕಿ, ಹೊಗೆ ಅಥವಾ ಮತ್ತೊಂದು ವಾಹನ ಬಂದು ಗುದ್ದುವ ಭಯ ಇಲ್ಲದಿದ್ದರೆ, ಮತ್ತು ಮಗು ಉಸಿರಾಡುತ್ತಿದ್ದರೆ, ಎಳೆದು ತೆಗೆಯುವ ಅವಸರ ಬೇಡ. ಕತ್ತಿಗೆ ಪೆಟ್ಟಾಗಿದ್ದರೆ ಎಳೆದಾಟ ಅದನ್ನು ಹೆಚ್ಚಿಸುತ್ತದೆ. ಆಂಬ್ಯುಲೆನ್ಸ್‌ಗೆ 108, ಪೊಲೀಸ್ ಸೇರಿದಂತೆ ಎಲ್ಲ ತುರ್ತಿಗೂ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಕರೆ ಮಾಡಿ. ನೆರವಿಗೆ ಬರುವ ದಾರಿಹೋಕರಿಗೆ 2019ರ ತಿದ್ದುಪಡಿಯ 134ಎ ಕಲಮಿನಲ್ಲಿ ಕಾನೂನಿನ ರಕ್ಷಣೆ ಇದೆ. ಮೇ 2025ರಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ.

ಮೇಲ್ನೋಟಕ್ಕೆ ಏನೂ ಆಗಿಲ್ಲವೆಂದು ಮನೆಗೆ ಕರೆದೊಯ್ದ ಮಗುವನ್ನೂ ಒಂದೆರಡು ದಿನ ಗಮನಿಸಬೇಕು. ಪದೇ ಪದೇ ವಾಂತಿ, ಎಬ್ಬಿಸಿದರೂ ಬಿಡದ ಮಂಪರು, ಫಿಟ್ಸ್, ಮೂಗು ಅಥವಾ ಕಿವಿಯಿಂದ ನೀರು, ಶಿಶುವಿನ ನೆತ್ತಿ ಉಬ್ಬುವುದು, ಹೊಟ್ಟೆಯ ಮೇಲೆ ಬೆಲ್ಟಿನ ಗೆರೆಯಂತೆ ಕಂದಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಸೀಟನ್ನು ಮತ್ತೆ ಬಳಸಬೇಡಿ. ಬಿಸಾಡುವ ಮುಂಚೆ ಅದರ ಪಟ್ಟಿಗಳನ್ನು ಕತ್ತರಿಸಿ ಹಾಕಿ, ಇಲ್ಲದಿದ್ದರೆ ಗುಜರಿಯಿಂದ ಅದು ಇನ್ನೊಬ್ಬರ ಕಾರಿಗೆ ಹೋಗಿ ಸೇರುತ್ತದೆ.